ಬುಡಕ್ಕೆ ಕಟ್ಟಿದ ಐಸು

ಐಸಣ್ಣನ ಹಿತ್ತಲಿನ ಪ್ಲಮ್ ಮರ ಹನ್ನೆರಡು ವರ್ಷದಲ್ಲಿ ಒಂದೇ ಒಂದು ಹೂ ಬಿಟ್ಟಿರಲಿಲ್ಲ. ಹೂವಿನ ಮಾತು ಹಾಗಿರಲಿ, ಎಲೆ ಬಿಡುವುದಕ್ಕೂ ಅದು ಸತಾಯಿಸುತ್ತಿತ್ತು. ಬೀದಿಯ ಮಿಕ್ಕ ಗಿಡಮರಗಳೆಲ್ಲ ಚಿಗುರಿ, ಹೂ ಬಿಟ್ಟು, ಕಾಯಿ ಕಚ್ಚಿ ಮುಗಿಸಿದ ಮೇಲೆ ಇದು ಕೊಂಬೆಯ ತುದಿಗಳಲ್ಲಿ ನಾಲ್ಕು ಎಲೆ ತೋರಿಸಿ, ನಡುವೆಲ್ಲ ಬೋಳಾಗಿ ನಿಂತಿರುತ್ತಿತ್ತು. ನೋಡಿದವರು ಒಣಗಿ ಹೋಗಿದೆ ಎನ್ನುತ್ತಿದ್ದರು. ಉಗುರಿನಿಂದ ತೊಗಟೆ ಗೀರಿದರೆ ಒಳಗೆ ಹಸಿರು. ಸಾಯಲೂ ಒಲ್ಲದ, ಸರಿಯಾಗಿ ಬದುಕಲೂ ಒಲ್ಲದ ಮರ.

ಐಸಣ್ಣ ಐಸ್ ಫ್ಯಾಕ್ಟರಿಯಲ್ಲಿ ಮಿಷನ್ ನೋಡಿಕೊಳ್ಳುವವನು. ಮೂವತ್ತೊಂದು ವರ್ಷದ ಕೆಲಸ. ದೊಡ್ಡ ತೊಟ್ಟಿಯಲ್ಲಿ ಉಪ್ಪುನೀರು, ಅದರಲ್ಲಿ ಸಾಲಾಗಿ ಇಳಿಬಿಟ್ಟ ತಗಡಿನ ಡಬ್ಬಗಳು, ಡಬ್ಬಗಳಲ್ಲಿ ಸಿಹಿನೀರು. ಮೂಲೆಯಲ್ಲಿ ಕಂಪ್ರೆಸರ್ ಧಡಧಡ ಎನ್ನುತ್ತಿರುವಷ್ಟು ಹೊತ್ತೂ ನೀರು ಗಡ್ಡೆ ಕಟ್ಟುತ್ತಿರುತ್ತದೆ. ಅವನು ಗಂಟೆಗೊಮ್ಮೆ ತೊಟ್ಟಿಯ ಡಿಗ್ರಿ ನೋಡಿ ಲಾಗ್ ಪುಸ್ತಕದಲ್ಲಿ ಬರೆಯಬೇಕು. ನೋಡದೆ ಅಂದಾಜಿನ ಮೇಲೆ ಬರೆದ ಒಂದು ಅಂಕಿಯೂ ಆ ಪುಸ್ತಕಗಳಲ್ಲಿಲ್ಲ. ಅವನಿಗೆ ಇದ್ದ ಜಂಬ ಅದೊಂದೇ. ಅದನ್ನಾದರೂ ಅವನಿಗೆ ಬಿಟ್ಟುಕೊಡಬೇಕು.

ಮರ ಬಂದದ್ದು ಹೀಗೆ. ಚಳಿ ಸೀಮೆಯಿಂದ ಹಣ್ಣು ತರುವ ಲಾರಿಯವನೊಬ್ಬ ಐಸ್ ತುಂಬಿಸಿಕೊಳ್ಳಲು ನಿಂತಾಗ ನಾಲ್ಕು ಪ್ಲಮ್ ಹಣ್ಣು ಕೈಗಿಟ್ಟ. ಐಸಣ್ಣ ಅವನ್ನು ಮನೆಗೆ ತಂದು ಹೆಂಡತಿಗೆ ಕೊಟ್ಟ. ಅವಳು ಬಟ್ಟೆ ಹೊಲಿಯುವವಳು, ಏನನ್ನೂ ಸುಲಭಕ್ಕೆ ಒಪ್ಪುವವಳಲ್ಲ. ಅವಳ ಬಾಯಲ್ಲಿ 'ಪರವಾಗಿಲ್ಲ' ಎಂದು ಬಂದರೆ ಅದೇ ಒಂದು ಬಿರುದು. ಆ ದಿನ ಹಣ್ಣು ತಿಂದು, ಬೀಜವನ್ನೂ ಚೀಪಿ, "ಹಣ್ಣು ಅಂದ್ರೆ ಇದು ನೋಡಿ" ಎಂದುಬಿಟ್ಟಳು. ಮದುವೆಯಾದಂದಿನಿಂದ ಅವಳು ಇಷ್ಟು ಬಾಯ್ತುಂಬ ಹೊಗಳಿದ್ದನ್ನು ಐಸಣ್ಣ ಕೇಳಿರಲಿಲ್ಲ. ಅವಳು ಉಗಿದ ಬೀಜವನ್ನು ತೊಳೆದು ಜೇಬಿಗೆ ಹಾಕಿಕೊಂಡ.

ಲಾರಿಯವನೇ ಹೇಳಿಕೊಟ್ಟಂತೆ ಬೀಜವನ್ನು ಒದ್ದೆ ಮರಳಲ್ಲಿ ಹೂತು ಫ್ಯಾಕ್ಟರಿಯ ತಂಪು ಕೋಣೆಯಲ್ಲಿ ಎರಡು ತಿಂಗಳು ಇಟ್ಟ. ಬೀಜ ಒಡೆದು ಮೊಳಕೆ ಬಂತು. ಐಸಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮುಂದಿನ ಸಲ ಲಾರಿಯವನು ಬಂದಾಗ ಓಡಿಹೋಗಿ ಹೇಳಿದ.

"ಮೊಳೆತರೆ ಏನಾಯ್ತಣ್ಣ?" ಎಂದ ಲಾರಿಯವನು. "ಆ ಮರ ಚಳಿಗಾಲದಲ್ಲಿ ಎಂಟುನೂರು ಗಂಟೆ ಚಳಿ ಕುಡೀಬೇಕು. ಆಗಲೇ ಅದಕ್ಕೆ ಸರಿಯಾಗಿ ನಿದ್ದೆ ಬಂದು, ಎದ್ದು ಹೂ ಬಿಡೋದು. ನಿಮ್ಮೂರಲ್ಲಿ ಚಳಿ ಎಲ್ಲಿಂದ ತರ್ತೀರಿ?"

ಆ ಊರಲ್ಲಿ ಚಳಿಗಾಲವೆಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಕಾಲ. ಆದರೆ ಕೇಳಿದ್ದು ಯಾರನ್ನು? ಮೂರು ಹೊತ್ತೂ ಚಳಿ ತಯಾರಿಸುವವನನ್ನು. ಐಸಣ್ಣ ಅಲ್ಲೇ ನಿಂತು ಮನಸ್ಸಿನಲ್ಲೇ ಗುಣಿಸಿದ. ದಿನಕ್ಕೆ ಒಂಬತ್ತು ಗಂಟೆ, ತೊಂಬತ್ತು ದಿನ. ಎಂಟುನೂರ ಹತ್ತು. ಹತ್ತು ಗಂಟೆ ಕೊಸರು ಬೇರೆ.

ಆಮೇಲಿನ ಹನ್ನೊಂದು ಚಳಿಗಾಲ ಒಂದು ದಿನವೂ ತಪ್ಪಲಿಲ್ಲ. ಬೆಳಗ್ಗೆ ಆರಕ್ಕೆ ಕೆಲಸ ಶುರು. ಎಂಟಕ್ಕೆ ಟೀ ಬಿಡುವು. ಆ ಬಿಡುವಿನಲ್ಲಿ ಅವನು ಒಡೆದುಹೋದ ಗಡ್ಡೆಗಳ ಚೂರನ್ನು ಗೋಣಿಚೀಲಕ್ಕೆ ತುಂಬಿ, ಸೈಕಲ್ಲಿನ ಹಿಂದೆ ಕಟ್ಟಿ, ನೀರು ತೊಟ್ಟಿಕ್ಕಿಸುತ್ತ ಮನೆಗೆ ಬರುತ್ತಿದ್ದ. ಚೀಲವನ್ನು ಮರದ ಬುಡಕ್ಕೆ ಸುತ್ತಿ ಹಗ್ಗ ಬಿಗಿದು, ಫ್ಯಾಕ್ಟರಿಯ ಹಳೇ ಥರ್ಮಾಮೀಟರನ್ನು ಚೀಲದೊಳಗೆ ತೂರಿಸಿ ಐದು ನಿಮಿಷ ಕಾಯುತ್ತಿದ್ದ. ಸೊನ್ನೆ ಡಿಗ್ರಿ ಬಂತೆಂದರೆ ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ 'ಒಂಬತ್ತು ಗಂಟೆ' ಎಂದು ಬರೆದು ಹೊರಡುತ್ತಿದ್ದ. ಸಂಜೆ ಐದಕ್ಕೆ ಬರುವಾಗ ಒದ್ದೆ ಚೀಲ ಬುಡದಲ್ಲಿ ಜೋತುಬಿದ್ದಿರುತ್ತಿತ್ತು. ಐಸು ಕರಗಿ ಹೋಗಿರುತ್ತಿತ್ತು. ಕರಗದೆ ಇನ್ನೇನು ಮಾಡೀತು?

ಬೀದಿಗೆ ಇದೊಂದು ಪುಕ್ಕಟೆ ತಮಾಷೆ. ಎದುರು ಮನೆಯ ಕ್ಷೌರದಂಗಡಿಯವನು ಕತ್ತರಿ ಆಡಿಸುತ್ತಲೇ ಕೂಗುತ್ತಿದ್ದ: "ಐಸಣ್ಣಾ, ಮರಕ್ಕೊಂದು ಸ್ವೆಟರ್ ಹಾಕು. ನೆಗಡಿ ಆದೀತು!" ಐಸಣ್ಣ ಹಲ್ಲು ಕಿಸಿದು ಸೈಕಲ್ ತುಳಿದುಬಿಡುತ್ತಿದ್ದ. ನಗುವವರ ಬಾಯಿಗೆ ಬೀಗ ಹಾಕಲು ಒಂದು ಹೂ ಸಾಕು ಎಂದು ಅವನ ಲೆಕ್ಕ. ಆ ಒಂದು ಹೂವನ್ನೇ ಮರ ಜಪ್ಪಯ್ಯ ಅಂದರೂ ಕೊಡಲಿಲ್ಲ.

ಹೆಂಡತಿಗೆ ಬೇಕಾಗಿದ್ದದ್ದು ಹೂವಲ್ಲ, ಆ ಜಾಗ. ಮನೆಯಲ್ಲಿದ್ದದ್ದು ಮುಂದಿನ ಕೋಣೆ ಒಂದು, ಅಡುಗೆಮನೆ ಒಂದು. ಮುಂದಿನ ಕೋಣೆಯಲ್ಲೇ ಅವಳ ಕಾಲ್ತುಳಿತದ ಹೊಲಿಗೆ ಮಿಷನ್ನು, ಬಟ್ಟೆ ಗಂಟು, ಅಳತೆಗೆ ಬಂದ ಹೆಂಗಸರು. ಅವರೆಲ್ಲ ಹೋದ ಮೇಲೆ ಅಲ್ಲೇ ಊಟ, ಅಲ್ಲೇ ಹಾಸಿಗೆ. ಚಾಪೆ ಹಾಸುವ ಮುಂಚೆ ನೆಲದಲ್ಲಿ ಬಿದ್ದ ಗುಂಡುಸೂಜಿ ಆರಿಸುವುದೇ ಒಂದು ಕೆಲಸ. ಐಸಣ್ಣನ ಬೆನ್ನಿಗೆ ಎಷ್ಟೋ ಸಲ ಚುಚ್ಚಿದೆ. ಹಿತ್ತಲಲ್ಲಿ ಒಂದು ಸಣ್ಣ ಕೋಣೆ ಎಬ್ಬಿಸಿದರೆ ಎಲ್ಲ ಸರಿಹೋಗುತ್ತಿತ್ತು. ಹಿತ್ತಲೋ, ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಅದರ ನಟ್ಟನಡುವೆ ಮರ.

ಅವಳು ಕಾಲು ಕೆರೆದು ಜಗಳಕ್ಕೆ ಬರುವವಳಲ್ಲ. ಪ್ರತಿ ವರ್ಷ ಒಂದೇ ಸಲ ಕೇಳುತ್ತಿದ್ದಳು. ಅವನು "ಇದೊಂದು ವರ್ಷ ನೋಡೋಣ" ಎನ್ನುತ್ತಿದ್ದ. ಹನ್ನೊಂದನೇ ವರ್ಷ ಅವಳು ಕೇಳಲಿಲ್ಲ. ಗಾರೆ ಮೇಸ್ತ್ರಿಯನ್ನೇ ಕರೆಸಿ ಅಳತೆ ಮಾಡಿಸಿದಳು. "ಚಳಿಗಾಲ ಮುಗಿಯೋವರೆಗೂ ಟೈಮಿದೆ" ಎಂದಳು. "ಹೂ ಬಿಟ್ಟರೆ ಕೋಣೆ ಬೇಡ. ಬಿಡದೆ ಇದ್ದರೆ ಮರ ಬೇಡ. ಆಮೇಲೆ ಮುಖ ಊದಿಸಿಕೊಂಡು ಕೂರಬಾರದು."

ನ್ಯಾಯವಾದ ಮಾತು. ಐಸಣ್ಣ ಹೂಂ ಎಂದ. ಕ್ಯಾಲೆಂಡರಿನ ಪ್ರಕಾರ ಮರ ಈಗಾಗಲೇ ಎಂಟು ಸಾವಿರ ಗಂಟೆಗೂ ಮೇಲೆ ಚಳಿ ಕುಡಿದಿತ್ತು. ಇನ್ನೇನು ಕೊಡಬೇಕೋ ಅವನಿಗೆ ಹೊಳೆಯಲಿಲ್ಲ. ರಜೆಯ ದಿನ ಸೈಕಲ್ ಹತ್ತಿ ಊರಾಚೆಯ ನರ್ಸರಿಗೆ ಹೋದ.

ನರ್ಸರಿ ನಡೆಸುತ್ತಿದ್ದವಳು ಐವತ್ತು ದಾಟಿದ ಹೆಂಗಸು. ಮಣ್ಣು ಮೆತ್ತಿದ ಕೈ, ಸೊಂಟದಲ್ಲಿ ಕಸಿ ಚಾಕು, ಮುಲಾಜಿಲ್ಲದ ಮಾತು. ಐಸಿನ ಕಥೆ ಕೇಳಿ ಅವಳು ನೀರು ಹಾಕುತ್ತಿದ್ದ ಪೈಪನ್ನು ಕೆಳಗಿಟ್ಟು, ಮೆಟ್ಟಿಲ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಣ್ಣಾ, ಚಳಿ ತಾಗಬೇಕಾದ್ದು ಮೊಗ್ಗಿಗೆ, ಬುಡಕ್ಕಲ್ಲ. ನಿಮ್ಮ ಕಾಲಿಗೆ ಐಸು ಕಟ್ಟಿ ತಲೆ ಬಿಸಿಲಲ್ಲಿಟ್ಟರೆ ನಿಮಗೆ ನಿದ್ದೆ ಬರುತ್ತಾ?"

ಐಸಣ್ಣ ಪೆಚ್ಚಾದ. ಹನ್ನೊಂದು ವರ್ಷದಲ್ಲಿ ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ. ತಣ್ಣಗೆ ಮಾಡುವ ವಿಷಯದಲ್ಲಿ ಅವನಿಗೆ ಹೇಳಿಕೊಡುವವರು ಯಾರಿದ್ದಾರೆ ಎಂದುಕೊಂಡಿದ್ದ.

ನರ್ಸರಿಯವಳಿಗೆ ನಕ್ಕದ್ದು ಹೆಚ್ಚಾಯಿತು ಅನ್ನಿಸಿರಬೇಕು. "ನಡೀರಿ, ಮರ ನೋಡ್ತೀನಿ" ಎಂದು ಅವನ ಹಿಂದೆಯೇ ಬಂದಳು.

ಹಿತ್ತಲಲ್ಲಿ ಅವಳು ಮೊದಲು ಕೊಂಬೆ ಬಗ್ಗಿಸಿ ಮೊಗ್ಗು ನೋಡಿದಳು. "ಇದು ಚಳಿ ಸೀಮೆಯ ಹಣ್ಣಿನ ಬೀಜ. ಇಲ್ಲಿ ಇದು ಯಾವತ್ತೂ ಹೂ ಬಿಡಲ್ಲ. ಆದರೆ ಕಮ್ಮಿ ಚಳಿ ಸಾಕು ಅನ್ನೋ ತಳಿಗಳಿವೆ. ನೂರೈವತ್ತು, ಇನ್ನೂರು ಗಂಟೆ ಇದ್ದರೆ ಸಾಕು. ನಮ್ಮೂರಿನ ಬೆಳಗಿನ ಜಾವದಲ್ಲೇ ಅಷ್ಟು ಸಿಗುತ್ತೆ, ಐಸು ಬೇಡ. ಇದನ್ನ ಮೊಣಕಾಲೆತ್ತರಕ್ಕೆ ಕಡಿದು, ತೊಗಟೆ ಸೀಳಿ ಆ ತಳಿಯ ಕಡ್ಡಿ ಕೂರಿಸಬೇಕು. ಎರಡು ಜಾತಿ ಬೇಕು. ಒಂದೇ ಆದರೆ ಹೂ ಬಿಡುತ್ತೆ, ಕಾಯಿ ಕಚ್ಚಲ್ಲ. ಎರಡು ವರ್ಷ ಕಾಯಬೇಕು. ಅಷ್ಟೇ."

ಆಮೇಲೆ ಅವಳು ಮಂಡಿಯೂರಿ ಬುಡ ಕೆದಕಿದಳು. "ಆದರೆ ಬೇರು ಉಳಿದಿರೋದು ಅನುಮಾನ. ಪ್ಲಮ್ಮಿಗೆ ಬುಡದಲ್ಲಿ ನೀರು ನಿಂತರೆ ಆಗಲ್ಲ. ಹನ್ನೊಂದು ವರ್ಷ ದಿನಾ ಐಸ್ ಕರಗಿದೆ ಅಂದರೆ ಇಷ್ಟೊತ್ತಿಗೆ ಕಪ್ಪಗೆ ಕೊಳೆತಿರಬೇಕು." ಬೆರಳಿನಿಂದ ಮಣ್ಣು ಸರಿಸಿದಳು. ಇನ್ನಷ್ಟು ಸರಿಸಿದಳು. ಚಾಕುವಿನ ಮೊನೆಯಿಂದ ಬೇರಿನ ಸಿಪ್ಪೆ ಗೀರಿದಳು. "ಇದೇನಿದು? ಬೇರು ಗಟ್ಟಿಮುಟ್ಟಾಗಿದೆ! ಮಣ್ಣೂ ಉದುರುದುರಾಗಿದೆ. ಇಲ್ಲಿ ಐಸ್ ಕರಗೇ ಇಲ್ಲ."

"ಕರಗದೆ ಏನಮ್ಮ? ನಾನೇ ಕಟ್ಟಿದ್ದು, ದಿನಾ" ಎಂದ ಐಸಣ್ಣ. "ಬೇಕಾದರೆ ಕ್ಯಾಲೆಂಡರ್ ತೋರಿಸ್ತೀನಿ."

"ನೀವು ಕಟ್ಟಿರಬಹುದಣ್ಣ. ಇಲ್ಲಿ ಕರಗಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕೊರಳಲ್ಲಿ ಅಳತೆ ಪಟ್ಟಿ, ಬಾಯಲ್ಲಿ ಎರಡು ಗುಂಡುಸೂಜಿ. ನರ್ಸರಿಯವಳು ಅವಳ ಮುಖ ನೋಡಿದಳು. ಐಸಣ್ಣನೂ ನೋಡಿದ. ಅವಳು ಸೂಜಿಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು.

"ನೀವು ಆ ಕಡೆ ಹೋಗ್ತಿದ್ದ ಹಾಗೆ ಬಿಚ್ಚಿಡ್ತಿದ್ದೆ" ಎಂದಳು. "ಮೊದಲನೇ ವರ್ಷ ಬುಡ ಕೆಸರಾಗಿ ಎಲೆ ಹಳದಿ ತಿರುಗಿತ್ತು. ಗಿಡ ಸತ್ತುಹೋಗುತ್ತೆ ಅನ್ನಿಸ್ತು. ಹೇಳಿದರೆ ನೀವು ಕೇಳೋ ಪೈಕಿ ಅಲ್ಲ. ಸಂಜೆ ಖಾಲಿ ಚೀಲ ಮತ್ತೆ ಕಟ್ಟಿಡ್ತಿದ್ದೆ."

"ಮತ್ತೆ ಅಷ್ಟು ಐಸು ಏನಾಗ್ತಿತ್ತು?"

"ಮಿಷನ್ ಪಕ್ಕ ಟಬ್ಬಲ್ಲಿ ಹಾಕ್ಕೊಂಡು ಕಾಲಿಡ್ತಿದ್ದೆ. ದಿನಾ ತುಳಿದೂ ತುಳಿದೂ ಊದ್ಕೊಳ್ಳುತ್ತಲ್ಲ."

ಐಸಣ್ಣ ಅವಳ ಕಾಲು ನೋಡಿದ. ಸೀರೆಯ ಅಂಚಿನ ಕೆಳಗೆ ಎರಡು ಹರಡೂ ಬಾತುಕೊಂಡಿದ್ದವು. ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಗೆರೆ ಕೊರೆದಿತ್ತು. ಅದು ಒಂದು ದಿನದ ಬಾವಲ್ಲ. ಮರದ ಒಂದೊಂದು ಮೊಗ್ಗನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದವನಿಗೆ ಇದು ಇವತ್ತೇ ಕಂಡದ್ದು.

"ಚಳಿಗಾಲ ಮೂರು ತಿಂಗಳು" ಎಂದ ಅವನು. "ಮಿಕ್ಕ ಒಂಬತ್ತು ತಿಂಗಳು ಏನ್ಮಾಡ್ತಿದ್ದೆ?"

"ಮಿಕ್ಕ ಒಂಬತ್ತು ತಿಂಗಳು ಮರಕ್ಕೆ ಐಸು ಬೇಕಿರಲಿಲ್ಲವಲ್ಲ."

ಅವಳು ಕುಹಕಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಒಳಗೆ ಹೋದಳು, ಮಿಷನ್ನಿನ ಸದ್ದು ಶುರುವಾಯಿತು. ನರ್ಸರಿಯವಳು ಕೆದಕಿದ ಮಣ್ಣನ್ನು ಮುಚ್ಚಿ ಕೈ ಕೊಡವಿಕೊಂಡು ಎದ್ದಳು. "ಕಸಿ ಮಾಡಿಸೋದಾದರೆ ಹೇಳಿ" ಎಂದು ಹೊರಟಳು. ಐಸಣ್ಣ ಹಿತ್ತಲಲ್ಲೇ ನಿಂತ. ಮೂವತ್ತೊಂದು ವರ್ಷ ಐಸಿನ ನಡುವೆ ಇದ್ದವನು, ಅಂಗೈಯಷ್ಟು ಐಸನ್ನೂ ಹೆಂಡತಿಗೆಂದು ತಂದವನಲ್ಲ. ನಾಚಿಕೆ ಎನ್ನುವುದು ಅವನಿಗೆ ಅಂದು ಮೈಯೆಲ್ಲ ಹತ್ತಿತು. ಸರಿಯಾಗೇ ಹತ್ತಿತು ಎನ್ನದೆ ವಿಧಿಯಿಲ್ಲ.

ಇನ್ನೂ ಎರಡು ವರ್ಷ ಕಾಯೋಣ ಎಂದು ಕೇಳುವ ಮುಖ ಅವನಿಗಿರಲಿಲ್ಲ. ಚಳಿಗಾಲ ಮುಗಿಯಲು ಇನ್ನೂ ಒಂದು ತಿಂಗಳಿದ್ದರೂ ಮೇಸ್ತ್ರಿಗೆ ತಾನೇ ಹೇಳಿಕಳಿಸಿದ. ಮುಂದಿನ ರಜೆಯ ದಿನ ಗರಗಸ ತಂದು ಕೊಂಬೆಗಳನ್ನು ಒಂದೊಂದಾಗಿ ಇಳಿಸಿದ. ಕೊನೆಗೆ ಬೊಡ್ಡೆಗೆ ಗರಗಸ ಇಟ್ಟ. ಹನ್ನೆರಡು ವರ್ಷದ ಮರ ಕಾಲು ಗಂಟೆಯಲ್ಲಿ ಮುಗಿಯಿತು. ಮೊಣಕಾಲೆತ್ತರದ ಮೋಟು ಉಳಿಯಿತು. ಅದರ ಬೇರು ಕೀಳುವುದು ಮೇಸ್ತ್ರಿಯ ಆಳುಗಳ ಕೆಲಸ. ಹೆಂಡತಿ ಒಂದು ಸಲ ಬಾಗಿಲಿಗೆ ಬಂದು ನೋಡಿ ಹೋದಳು. ಎದುರು ಮನೆಯ ಕ್ಷೌರದವನು ಗರಗಸದ ಸದ್ದಿಗೆ ಬಂದು ಹಿತ್ತಲ ಕಾಂಪೌಂಡಿನ ಮೇಲಿಂದ ಇಣುಕಿ ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಐಸಣ್ಣನ ಮುಖ ಕಂಡು ಹಾಗೇ ತಲೆ ಹಿಂದಕ್ಕೆಳೆದುಕೊಂಡ. ಅವನ ಅಷ್ಟು ವರ್ಷದ ನೆರೆಹೊರೆಯಲ್ಲಿ ಅದೇ ಅತ್ಯಂತ ಬುದ್ಧಿವಂತಿಕೆಯ ಕೆಲಸ.

ಮಾರನೇ ದಿನ ಮೇಸ್ತ್ರಿ ಗೂಟ ನೆಟ್ಟು ದಾರ ಕಟ್ಟಿದ. ಮೋಟು ಸರಿಯಾಗಿ ಕೋಣೆಯ ಒಳಗೆ ಬಂತು. ಆಳು ಗುದ್ದಲಿ ಎತ್ತುವ ಹೊತ್ತಿಗೆ ಹೆಂಡತಿ ಹೊರಗೆ ಬಂದಳು. ಕೊರಳಿನ ಅಳತೆ ಪಟ್ಟಿ ತೆಗೆದು, ಬಗ್ಗಿ, ಬ್ಲೌಸಿಗೆ ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ನೆಲ ಅಳೆದಳು.

"ಈ ದಾರ ಮೂರಡಿ ಈಚೆ ಕಟ್ಟಿ."

"ಅಕ್ಕಾ, ಆಮೇಲೆ ಅದು ರೂಮಾಗಿರಲ್ಲ, ಪೆಟ್ಟಿಗೆ ಆಗುತ್ತೆ" ಎಂದ ಮೇಸ್ತ್ರಿ.

"ಮಿಷನ್ನು, ನಾನು, ಒಂದು ಕುರ್ಚಿ. ಮೂರಕ್ಕೂ ಅಳತೆ ತಗೊಂಡಿದ್ದೀನಿ. ಕಿಟಕಿ ಈ ಕಡೆ ಇಡಿ, ಮೋಟಿನ ಕಡೆಗೆ."

ಐಸಣ್ಣ ಕಕ್ಕಾಬಿಕ್ಕಿಯಾಗಿ ನಿಂತಿದ್ದ. "ಬೇಡ, ಬಿಡು. ನಾನೇ ಕಡಿದಿದ್ದೀನಲ್ಲ. ಪೂರ್ತಿ ರೂಮು ಮಾಡಿಸ್ಕೋ."

"ಹನ್ನೊಂದು ವರ್ಷ ದಿನಾ ಐಸು ಹೊತ್ತಿದ್ದೀನಿ ಇದಕ್ಕೆ" ಎಂದಳು ಅವಳು. "ನೀವು ತಂದಷ್ಟೂ ನಾನು ತೆಗೆದಿದ್ದೀನಿ. ಸುಮ್ಮನೆ ಕೀಳಿಸಿಬಿಡೋಕಾ? ಹೋಗಿ ಆ ನರ್ಸರಿಯವರನ್ನ ಕರ್ಕೊಂಡು ಬನ್ನಿ, ಕಡಿದದ್ದು ಒಣಗೋದರೊಳಗೆ."

ನರ್ಸರಿಯವಳು ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಕಡ್ಡಿಗಳೊಂದಿಗೆ ಬಂದಳು. ಪೆನ್ಸಿಲ್ ಗಾತ್ರದ ಕಡ್ಡಿಗಳು. ಎರಡು ಕೆಂಪು ಹಣ್ಣಿನ ಜಾತಿ, ಎರಡು ಹಳದಿ ಹಣ್ಣಿನದು. ಮೋಟಿನ ತಲೆಯನ್ನು ಮತ್ತೆ ತೆಳ್ಳಗೆ ಕೊಯ್ದು ಹಸಿ ಮಾಡಿ, ತೊಗಟೆಯನ್ನು ನಾಲ್ಕು ಕಡೆ ಸೀಳಿ, ಕಡ್ಡಿಗಳ ತುದಿ ಚೂಪು ಮಾಡಿ ಒಳಗಿಳಿಸಿದಳು. ಸುತ್ತ ಪಟ್ಟಿ ಬಿಗಿಯಬೇಕಾದಾಗ ಹೆಂಡತಿ ಮುಂದೆ ಬಂದು, "ಕೊಡಿ, ಸುತ್ತೋದು ನನಗೆ ಬಿಡಿ" ಎಂದಳು. ಅವಳು ಸುತ್ತಿದ ಪಟ್ಟಿಯಲ್ಲಿ ಒಂದು ಸುಕ್ಕಿರಲಿಲ್ಲ. ನರ್ಸರಿಯವಳು ಮೇಲೆ ಮೇಣ ಬಳಿಯುತ್ತ, "ನಮ್ಮಲ್ಲಿ ಕೆಲಸಕ್ಕೆ ಬರ್ತೀರಾ?" ಎಂದು ಕೇಳಿದಳು. ತಮಾಷೆಗೆ ಕೇಳಿದ್ದಲ್ಲ.

ಮೂರು ಕಡ್ಡಿ ಹಿಡಿದವು, ಒಂದು ಹಳದಿ ಒಣಗಿತು. ಕೋಣೆ ಎದ್ದಿತು. ಮಿಷನ್ನನ್ನು ಅದರೊಳಗೆ ಹೊತ್ತು ಸಾಗಿಸುವಾಗ ಐಸಣ್ಣ ಕೆಳಗಿನ ಕಾಲ್ಮೆಟ್ಟನ್ನು ಮೊದಲ ಸಲ ನೋಡುವವನ ಹಾಗೆ ನೋಡಿದ. ಮೋಟಾರು, ಬೆಲ್ಟು, ಗಾಲಿ, ಇವೇ ಅವನ ಜೀವಮಾನದ ಕಸುಬು. ಫ್ಯಾಕ್ಟರಿಯಲ್ಲಿ ಒಂದು ಬೆಲ್ಟು ಕಿರುಗುಟ್ಟಿದರೆ ಓಡುತ್ತಿದ್ದವನು, ಮನೆಯಲ್ಲಿ ಹೆಂಡತಿ ಇಪ್ಪತ್ತೈದು ವರ್ಷ ಕಾಲಲ್ಲಿ ತುಳಿಯುವುದನ್ನು ನೋಡುತ್ತ ಉಂಡಿದ್ದ. ಆ ವಾರವೇ ಒಂದು ಸಣ್ಣ ಮೋಟಾರು ತಂದು ಕೂರಿಸಿದ. ಅವಳು ಒಂದು ಸೆರಗಿನ ಉದ್ದ ಹೊಲಿದು ನೋಡಿ "ಪರವಾಗಿಲ್ಲ" ಎಂದಳು.

ಬೆಳಗ್ಗೆ ಎಂಟಕ್ಕೆ ಐಸಿನ ಚೀಲ ಬರುವುದು ನಿಲ್ಲಲಿಲ್ಲ. ಮರದ ಹತ್ತಿರ ಹೋಗುತ್ತಿದ್ದದ್ದು ಈಗ ನೇರ ಕೋಣೆಗೆ, ಟಬ್ಬಿಗೆ. ಚಳಿಗಾಲಕ್ಕೆ ಮಾತ್ರವಲ್ಲ, ಹನ್ನೆರಡು ತಿಂಗಳೂ.

ಎರಡನೇ ವರ್ಷದ ಚಳಿಗಾಲಕ್ಕೆ ಮುಂಚೆ ನರ್ಸರಿಯವಳು ಹೇಳಿದಂತೆ ಇಬ್ಬರೂ ನಿಂತು ಎಲೆಗಳನ್ನೆಲ್ಲ ಕೈಯಿಂದ ಕಿತ್ತರು. ಬಿಸಿಲು ಸೀಮೆಯಲ್ಲಿ ಮರ ತಾನಾಗಿ ಎಲೆ ಉದುರಿಸಿ ಮಲಗುವುದಿಲ್ಲ, ಮಲಗಿಸಬೇಕು. ಆ ಚಳಿಗಾಲದ ಕೊನೆಯಲ್ಲಿ ಒಂದು ಬೆಳಗ್ಗೆ ಅವನು ಚೀಲ ಹೊತ್ತು ಬಂದಾಗ ಕಿಟಕಿಯಾಚೆ ಕೊಂಬೆಗಳ ಉದ್ದಕ್ಕೂ ಬೆಳ್ಳಗೆ ಹೂವಿತ್ತು. ಐಸಣ್ಣ ಚೀಲ ಕೆಳಗಿಳಿಸುವುದನ್ನು ಮರೆತು ನಿಂತ. ನೀರು ಬೆನ್ನಿಗಿಳಿದು ಚಡ್ಡಿವರೆಗೂ ಒದ್ದೆಯಾಯಿತು. ಕ್ಷೌರದವನು ಅಂಗಡಿಯಲ್ಲಿ ಅರ್ಧ ಕ್ಷೌರವಾದ ಗಿರಾಕಿಯನ್ನು ಬಿಟ್ಟು ಓಡಿಬಂದು ನೋಡಿದ.

ಕಚ್ಚಿದ ಕಾಯಿ ಹತ್ತೊಂಬತ್ತು. ಉದುರಿದ್ದು, ಹಕ್ಕಿ ಕುಕ್ಕಿದ್ದು ಕಳೆದು ಹಣ್ಣಾದದ್ದು ಏಳು. ಮೊದಲನೆಯದನ್ನು ಅವನು ಐಸಿನ ಚೂರಿನಲ್ಲಿ ತಣ್ಣಗೆ ಮಾಡಿ ಬಟ್ಟಲಲ್ಲಿ ತಂದುಕೊಟ್ಟ. ಅವಳು ಕಾಲನ್ನು ಟಬ್ಬಿನಲ್ಲಿಟ್ಟುಕೊಂಡೇ ತಿಂದಳು, ಬೀಜ ಚೀಪಿದಳು.

"ಹುಳಿ. ಆ ಲಾರಿಯವನ ಹಣ್ಣಿನಷ್ಟಿಲ್ಲ."

ಐಸಣ್ಣ ತಲೆಯಾಡಿಸಿ, ಅವಳು ಬಟ್ಟಲಿಗೆ ಉಗಿದ ಬೀಜವನ್ನು ಒರೆಸಿ ಜೇಬಿಗಿಳಿಸಿದ.

"ಜೇಬಿಗೇನು ಹಾಕಿದ್ದು?"

"ಏನಿಲ್ಲ."

"ತೆಗೀರಿ."

ತೆಗೆದ. ಅವಳು ಅದನ್ನು ಕಿಟಕಿಯಿಂದ ಕಾಂಪೌಂಡಿನಾಚೆಗೆ ಎಸೆದಳು. ಆಮೇಲೆ ಬಟ್ಟಲು ಮುಂದೆ ಚಾಚಿ, "ಇನ್ನೊಂದು ಕೊಡಿ" ಎಂದಳು.

ಇದೆಲ್ಲ ಆಗಿ ನಾಲ್ಕು ವರ್ಷ. ಮೋಟಾರು ಬಂದ ಒಂದು ವರ್ಷಕ್ಕೇ ಅವಳ ಕಾಲಿನ ಬಾವು ಪೂರ್ತಿ ಇಳಿದಿದೆ. ಹೊಸ ಚಪ್ಪಲಿ ಒಂದು ಸೈಜು ಚಿಕ್ಕದು ತಂದಿದ್ದಾಳೆ. ಅಂಗಡಿಗೆ ಜೊತೆಯಲ್ಲಿ ಹೋದವನು ಐಸಣ್ಣನೇ. ಆದರೂ ಈಗಲೂ ದಿನಾ ಎಂಟು ಗಂಟೆಗೆ ಸೈಕಲ್ಲು ನೀರು ತೊಟ್ಟಿಕ್ಕಿಸುತ್ತ ಬರುತ್ತದೆ. ಐಸು ಸಾಕು, ತರಬೇಡಿ ಎಂದು ಅವಳು ಹೇಳಿಲ್ಲ. ಕಾಲು ಹೇಗಿದೆ ಎಂದು ಅವನೂ ಕೇಳಿಲ್ಲ. ಅವನು ಚೀಲ ಬಿಚ್ಚಿ ಟಬ್ಬಿಗೆ ಸುರಿಯುತ್ತಾನೆ, ಅವಳು ಹೊಲಿಗೆ ನಿಲ್ಲಿಸಿ ಕಾಲಿಡುತ್ತಾಳೆ.